ಚೌಕಟ್ಟಿನ ಮೇಲಿನ ಮಣ್ಣಿನ ಗೆರೆ: ಮನೆಗೆ ಗೆದ್ದಲು ಬರುವುದು ಎಲ್ಲಿಂದ, ತಡೆಯುವುದು ಹೇಗೆ?

ಬೇಸಿಗೆಯ ಮೊದಲ ಮಳೆ ಬಿದ್ದ ಸಂಜೆ ಬೆಂಗಳೂರಿನ ಬಹಳಷ್ಟು ಮನೆಗಳಲ್ಲಿ ಟ್ಯೂಬ್‌ಲೈಟ್ ಸುತ್ತ ರೆಕ್ಕೆಹುಳಗಳು ಮುತ್ತಿಕೊಳ್ಳುತ್ತವೆ. ಬೆಳಿಗ್ಗೆ ಕಸ ಗುಡಿಸುವಾಗ ರೆಕ್ಕೆಗಳ ರಾಶಿ ಸಿಗುತ್ತದೆ. ಅದೇ ದಿನಗಳಲ್ಲಿ ಬಾಗಿಲ ಚೌಕಟ್ಟಿನ ಮೂಲೆಯಲ್ಲೋ ವಾರ್ಡ್‌ರೋಬ್ ಹಿಂದೆಯೋ ಮಣ್ಣಿನ ಗೆರೆಯೊಂದು ಕಾಣಿಸುತ್ತದೆ. ಆಗ ಮನೆಯವರಿಗೆಲ್ಲ ಗಾಬರಿ. ಒಬ್ಬರು ಸ್ಪ್ರೇ ತರಲು ಓಡುತ್ತಾರೆ, ಇನ್ನೊಬ್ಬರು ಸೀಮೆಎಣ್ಣೆ ಹುಡುಕುತ್ತಾರೆ, ಮತ್ತೊಬ್ಬರು ಪೆಸ್ಟ್ ಕಂಟ್ರೋಲ್‌ನವರಿಗೆ ಫೋನ್ ಮಾಡುತ್ತಾರೆ.

ಇಂಟೀರಿಯರ್ ಕೆಲಸಕ್ಕೆ ಲಕ್ಷಗಟ್ಟಲೆ ಸುರಿದ ಮನೆಯಲ್ಲಿ ಈ ಗಾಬರಿ ಸಹಜ. ಆದರೆ ಏನೇ ಮಾಡುವ ಮುಂಚೆ ಒಂದು ವಿಷಯ ಗೊತ್ತಿರಬೇಕು. ಮರದ ಮೇಲೆ ಕಾಣುವುದು ಗೆದ್ದಲಿನ ಮನೆಯಲ್ಲ, ಅದು ಓಡಾಡುವ ದಾರಿ. ಮನೆ ಬಹುಮಟ್ಟಿಗೆ ನೆಲದ ಕೆಳಗಿನ ಮಣ್ಣಿನಲ್ಲಿ ಇರುತ್ತದೆ. ಇದು ತಿಳಿದರೆ ಯಾವ ಔಷಧ ಎಲ್ಲಿಗೆ ಹೋಗಬೇಕು, ಯಾವ ಕೆಲಸಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಕೊಡಬಾರದು ಅನ್ನುವುದೆಲ್ಲ ತಾನಾಗಿ ಸ್ಪಷ್ಟವಾಗುತ್ತದೆ.

ಗೆದ್ದಲು ಎಂಥ ಹುಳ?

ನೋಡಲು ಬಿಳಿ ಇರುವೆಯಂತೆ ಕಂಡರೂ ಗೆದ್ದಲು ಇರುವೆಯ ಜಾತಿಯಲ್ಲ. ಅದು ಜಿರಲೆಯ ನೆಂಟ. ಇರುವೆಯ ಹಾಗೆ ಗುಂಪಾಗಿ ಬದುಕುತ್ತದೆ, ಅಷ್ಟೆ. ಒಂದು ಗೂಡಿನಲ್ಲಿ ರಾಣಿ, ರಾಜ, ಕೆಲಸಗಾರ ಹುಳಗಳು ಮತ್ತು ಕಾವಲಿನ ಸೈನಿಕ ಹುಳಗಳು ಇರುತ್ತವೆ. ಮರ ತಿನ್ನುವುದು ಕೆಲಸಗಾರ ಹುಳಗಳು ಮಾತ್ರ. ಇವಕ್ಕೆ ಕಣ್ಣು ಕಾಣುವುದಿಲ್ಲ, ಮೈ ತುಂಬಾ ಮೆತ್ತಗೆ. ತಾವು ತಿಂದದ್ದನ್ನು ರಾಣಿಗೆ, ಮರಿಗಳಿಗೆ, ಸೈನಿಕರಿಗೆ ಬಾಯಿಂದ ಬಾಯಿಗೆ ಉಣಿಸುತ್ತವೆ. ಈ ಉಣಿಸುವ ಅಭ್ಯಾಸ ನೆನಪಿನಲ್ಲಿರಲಿ, ಔಷಧದ ಮಾತು ಬಂದಾಗ ಬೇಕಾಗುತ್ತದೆ. ಹುತ್ತ ಕಟ್ಟುವ ಜಾತಿಗಳಲ್ಲಿ ರಾಣಿ ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತಾಳೆ. ಹತ್ತು ವರ್ಷಕ್ಕೂ ಜಾಸ್ತಿ ಬದುಕಬಲ್ಲಳು.

ಬೆಂಗಳೂರಿನ ಸುತ್ತಮುತ್ತ ಕೆಮ್ಮಣ್ಣಿನಲ್ಲಿ ಹುತ್ತ ಕಟ್ಟುವ ಗೆದ್ದಲುಗಳಲ್ಲಿ ಒಡಾಂಟೋಟರ್ಮಿಸ್ ಎಂಬ ಗುಂಪಿನವು ಸಾಮಾನ್ಯ. ಇವು ತಿಂದ ಮರವನ್ನು ಪೂರ್ತಿ ಅರಗಿಸಿಕೊಳ್ಳಲಾರವು. ಅದಕ್ಕೆ ಗೂಡಿನೊಳಗೆ ಒಂದು ಬಗೆಯ ಅಣಬೆ ಸಾಕುತ್ತವೆ. ಹುತ್ತ ಅಗೆದಾಗ ತೂತುತೂತಾದ, ಕಂದು ಬಣ್ಣದ, ಮುಟ್ಟಿದರೆ ಮುರಿಯುವ ಗಡ್ಡೆಗಳು ಸಿಗುತ್ತವೆ. ಹತ್ತಿರದಿಂದ ನೋಡಿದರೆ ಅವುಗಳ ಮೇಲೆ ಗುಂಡುಪಿನ್ನಿನ ತಲೆಗಿಂತ ಚಿಕ್ಕದಾದ ಬಿಳಿ ಚುಕ್ಕಿಗಳು ಕಾಣುತ್ತವೆ. ಅದೇ ಅಣಬೆಯ ತೋಟ. ಹುಳದ ಹಿಕ್ಕೆಯಲ್ಲಿ ಉಳಿದ ಮರದ ನಾರನ್ನು ಅಣಬೆ ಕರಗಿಸುತ್ತದೆ, ಹುಳ ಅದನ್ನು ಮತ್ತೆ ತಿನ್ನುತ್ತದೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ, ಹಳ್ಳಿಯಲ್ಲಿ ಸಾರು ಮಾಡುವ ಅಣಬೆ ಇದೇ.

ಈ ತೋಟಕ್ಕೆ ಸದಾ ತೇವ ಬೇಕು. ಹುಳದ ಮೆತ್ತನೆ ಮೈಗೂ ತೇವ ಬೇಕು. ಗೆದ್ದಲು ಮಣ್ಣಿಗೆ ಅಂಟಿಕೊಂಡು ಬದುಕುವುದು ಇದೇ ಕಾರಣಕ್ಕೆ.

ದೀಪಕ್ಕೆ ಬಂದ ರೆಕ್ಕೆಹುಳ ನೋಡಿ ಹೆದರಬೇಕಾ?

ಸಾಮಾನ್ಯವಾಗಿ ಬೇಡ. ಮಳೆಹುಳ, ಈಚಲು ಹುಳ ಅಂತೆಲ್ಲ ಕರೆಯುವ ಈ ಹುಳಗಳು ಬೆಳೆದ ಗೂಡಿನಿಂದ ಹೊರಟ ಮುಂದಿನ ರಾಜ ರಾಣಿಯರು. ಮಳೆ ಬಿದ್ದು ಮಣ್ಣು ಮೆತ್ತಗಾದ ಸಂಜೆ ಒಟ್ಟಿಗೆ ಹಾರುತ್ತವೆ, ರೆಕ್ಕೆ ಉದುರಿಸುತ್ತವೆ, ಜೋಡಿಯಾಗಿ ಮಣ್ಣಿನಲ್ಲಿ ಜಾಗ ಹುಡುಕುತ್ತವೆ. ಹಕ್ಕಿ, ಹಲ್ಲಿ, ಇರುವೆಗಳ ಬಾಯಿಂದ ತಪ್ಪಿಸಿಕೊಂಡು ಗೂಡು ಕಟ್ಟುವ ಜೋಡಿಗಳು ತೀರಾ ಕಡಿಮೆ. ಇವು ಮರ ತಿನ್ನುವುದಿಲ್ಲ. ಟೈಲ್ಸ್ ನೆಲದ ಮೇಲೆ ಬಿದ್ದವು ಅಲ್ಲೇ ಸಾಯುತ್ತವೆ. ದೀಪ ಆರಿಸಿ ಕಿಟಕಿ ಮುಚ್ಚಿದರೆ ಸಾಕು.

ಆದರೆ ಕಿಟಕಿ, ಬಾಗಿಲು ಮುಚ್ಚಿದ್ದರೂ ಒಳಗೆ ರೆಕ್ಕೆ ರಾಶಿ ಬಿದ್ದಿದ್ದರೆ, ಅಥವಾ ಗೋಡೆಯ ಬಿರುಕಿನಿಂದಲೋ ಸ್ಕರ್ಟಿಂಗ್ ಸಂದಿನಿಂದಲೋ ಹುಳ ಹೊರಬರುವುದನ್ನು ಕಣ್ಣಾರೆ ಕಂಡರೆ ಅದು ಬೇರೆ ಮಾತು. ನೆಲದ ಕೆಳಗೋ ಗೋಡೆಯೊಳಗೋ ಬೆಳೆದ ಗೂಡು ಇದೆ ಅಂತ ಅರ್ಥ. ಆಗ ತಡ ಮಾಡಬಾರದು.

ಇರುವೆಗೂ ರೆಕ್ಕೆ ಬರುತ್ತದೆ. ಗುರುತು ಸುಲಭ. ಗೆದ್ದಲಿನ ನಾಲ್ಕೂ ರೆಕ್ಕೆ ಒಂದೇ ಉದ್ದ, ಸೊಂಟ ಸಪಾಟು, ಮೀಸೆ ನೇರ. ಇರುವೆಗೆ ಮುಂದಿನ ರೆಕ್ಕೆ ದೊಡ್ಡದು, ಸೊಂಟ ಸಣ್ಣ, ಮೀಸೆ ಮೊಣಕೈಯಂತೆ ಬಾಗಿರುತ್ತದೆ.

ಮಣ್ಣಿನ ಗೆರೆಯನ್ನು ಒರೆಸುವ ಮುಂಚೆ

ಗೋಡೆ, ಚೌಕಟ್ಟುಗಳ ಮೇಲೆ ಕಾಣುವ ಗೆರೆ ಒಳಗೆ ಟೊಳ್ಳಾದ ಕೊಳವೆ. ಮಣ್ಣಿನ ಕಣಕ್ಕೆ ಎಂಜಲು, ಹಿಕ್ಕೆ ಬೆರೆಸಿ ಹುಳಗಳು ಕಟ್ಟುತ್ತವೆ. ಬಿಸಿಲು, ಒಣಗಾಳಿ, ಇರುವೆ ಇವುಗಳಿಂದ ಮೈ ಕಾಪಾಡಿಕೊಂಡು ಗೂಡಿನಿಂದ ಮರದವರೆಗೆ ಹೋಗಿಬರಲು ಇದು ಬೇಕೇಬೇಕು.

ಕಂಡ ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿ ಸ್ಪ್ರೇ ಹೊಡೆಯುವುದು ಎಲ್ಲರೂ ಮಾಡುವ ಕೆಲಸ. ಅದರಿಂದ ಕೊಳವೆಯಲ್ಲಿದ್ದ ಕೆಲವು ನೂರು ಹುಳ ಸಾಯುತ್ತವೆ. ಉಳಿದವು ಆ ದಾರಿ ಬಿಟ್ಟು ಬೇರೆ ಸಂದಿ ಹುಡುಕಿಕೊಳ್ಳುತ್ತವೆ. ಆಮೇಲೆ ಬಂದ ಕೆಲಸದವರಿಗೆ ಹುಳ ಎಲ್ಲಿಂದ ಏರಿದೆ ಅಂತ ತೋರಿಸಲು ಗುರುತೇ ಉಳಿದಿರುವುದಿಲ್ಲ.

ಬದಲಿಗೆ ಹೀಗೆ ಮಾಡಿ. ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ನೋಡಿ. ನಂತರ ಮಧ್ಯದಲ್ಲಿ ಎರಡು ಇಂಚಿನಷ್ಟು ಭಾಗವನ್ನು ಮಾತ್ರ ಸ್ಕ್ರೂಡ್ರೈವರ್ ತುದಿಯಿಂದ ಕೆರೆದು ತೆಗೆಯಿರಿ. ಹುಳ ಓಡಾಡುತ್ತಿದ್ದರೆ ಒಡೆದ ಬಾಯಿಗೆ ಮೊದಲು ಸೈನಿಕರು ಬರುತ್ತಾರೆ. ತಲೆ ಹಳದಿ ಮಿಶ್ರಿತ ಕಂದು, ಮುಂದೆ ಇಕ್ಕಳದಂಥ ದವಡೆ. ಅವುಗಳ ಹಿಂದೆ ಬಿಳಿಚಿಕೊಂಡ ಕೆಲಸಗಾರರು ಸರಿದಾಡುವುದು ಕಾಣುತ್ತದೆ. ಒಂದೊಂದೇ ಕಣ ತಂದು ಅಂಚಿಗೆ ಅಂಟಿಸಲು ಶುರು ಮಾಡುತ್ತವೆ. ಮರುದಿನ ನೋಡಿದರೆ ಒಡೆದ ಜಾಗದಲ್ಲಿ ಹೊಸ ಮಣ್ಣು ಗಾಢ ಬಣ್ಣದಲ್ಲಿ, ಕೈಗೆ ತಣ್ಣಗೆ ಹತ್ತುವಂತೆ ಇರುತ್ತದೆ. ಹಾಗಿದ್ದರೆ ಗೂಡು ಜೀವಂತ ಅಂತ ಖಚಿತ. ರಿಪೇರಿ ಆಗದಿದ್ದರೆ ಹುಳ ಹೋಯಿತು ಅಂದುಕೊಳ್ಳುವ ಹಾಗಿಲ್ಲ, ದಾರಿ ಬದಲಿಸಿರಬಹುದು.

ಹಾಗೇ ಚೌಕಟ್ಟನ್ನು ಕೆಳಗಿನಿಂದ ಮೇಲಕ್ಕೆ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಗೆದ್ದಲು ಮರವನ್ನು ಒಳಗಿನಿಂದ ತಿಂದು ಹೊರಗಿನ ತೆಳು ಪದರವನ್ನು ಹಾಗೇ ಬಿಡುತ್ತದೆ. ಗಟ್ಟಿ ಸದ್ದು ಬರುತ್ತಿದ್ದದ್ದು ಒಂದು ಕಡೆ ಟೊಳ್ಳಾಗಿ ಕೇಳಿಸುತ್ತದೆ. ಅಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಪೇಂಟ್ ಕುಸಿದು ಒಳಗೆ ಮಣ್ಣು ತುಂಬಿದ ಸಂದುಗಳು ಕಾಣುತ್ತವೆ.

ನಾಲ್ಕನೇ ಮಹಡಿಗೆ ಹೇಗೆ ಬಂತು?

ಬೆಂಗಳೂರಿನ ಎಷ್ಟೋ ಲೇಔಟ್‌ಗಳು ಒಂದು ಕಾಲದಲ್ಲಿ ಹೊಲ, ತೋಪು, ತೋಟಗಳಾಗಿದ್ದವು. ಮರ ಕಡಿದು ಸೈಟು ಮಾಡಿದರೂ ಬೇರು, ಬೊಡ್ಡೆಗಳು ಮಣ್ಣಿನಲ್ಲೇ ಉಳಿಯುತ್ತವೆ. ಹುತ್ತದ ಮೇಲ್ಭಾಗ ಜೆಸಿಬಿಯಲ್ಲಿ ಸಪಾಟಾದರೂ ಕೆಳಗಿನ ಗೂಡು ಹೋಗಿರುವುದಿಲ್ಲ. ಮೇಲೆ ಮನೆ ಎದ್ದ ಮೇಲೆ ಆ ಗೂಡಿಗೆ ಹತ್ತಿರ ಸಿಗುವ ಮರ ಅಂದರೆ ನಮ್ಮ ಚೌಕಟ್ಟು. ಕಾಂಕ್ರೀಟನ್ನು ಗೆದ್ದಲು ತಿನ್ನುವುದಿಲ್ಲ. ಆದರೆ ಒಂದು ಮಿಲಿಮೀಟರ್ ಬಿರುಕು ಇದ್ದರೆ ನುಗ್ಗುತ್ತದೆ. ಹಳೇ ಬಡಾವಣೆಗಳ ಗಾರೆ ಗೋಡೆಗಳಲ್ಲಿ, ಸಡಿಲವಾದ ಗಾರೆಯನ್ನೇ ಕೊರೆದುಕೊಂಡು ಮದ್ರಾಸ್ ತಾರಸಿಯ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಹಳೇ ಚಾವಣಿ) ತೊಲೆವರೆಗೂ ಏರುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ದಾರಿಗಳು ಇನ್ನೂ ಜಾಸ್ತಿ. ಪೈಪು ಇಳಿಯುವ ಡಕ್ಟ್, ವೈರಿನ ಕೊಳವೆ, ಎರಡು ಬ್ಲಾಕುಗಳ ನಡುವಿನ ಸಂದು, ಲಿಫ್ಟ್ ಗುಂಡಿ ಎಲ್ಲವೂ ನೆಲದಿಂದ ಮೇಲಿನವರೆಗೆ ಹೋಗುತ್ತವೆ. ವೈರಿನ ಮೇಲಿನ ಪ್ಲಾಸ್ಟಿಕ್ಕನ್ನೂ ಹುಳ ಕಡಿದು ಹಾಕುವುದುಂಟು. ಇನ್ನೊಂದು ಜಾಗವನ್ನು ಬಹಳ ಜನ ಗಮನಿಸುವುದಿಲ್ಲ. ಬಾತ್‌ರೂಮಿನ ನೆಲದ ಕೆಳಗೆ ತಗ್ಗಿಸಿದ ಸ್ಲ್ಯಾಬಿನಲ್ಲಿ ಇಟ್ಟಿಗೆ ಚೂರು, ಮಣ್ಣು ತುಂಬಿರುತ್ತಾರೆ. ಪೈಪ್ ಜಾಯಿಂಟ್ ಒಂದು ಸೋರಿದರೂ ಅದು ವರ್ಷಪೂರ್ತಿ ಒದ್ದೆ. ಅದರ ಜೊತೆ ಕಾಂಕ್ರೀಟ್ ಹಾಕುವಾಗ ಆಸರೆಗೆ ಕಟ್ಟಿದ ಸೆಂಟ್ರಿಂಗ್ ಹಲಗೆಯ ತುಂಡುಗಳೂ ಉಳಿದಿದ್ದರೆ ಗೆದ್ದಲಿಗೆ ಬೇಕಾದ್ದೆಲ್ಲ ಅಲ್ಲೇ ಸಿಕ್ಕ ಹಾಗೆ. ತೇವ ನಿರಂತರವಾಗಿ ಸಿಕ್ಕರೆ ಕೆಲವು ಜಾತಿಯ ಗೆದ್ದಲು ಮಣ್ಣಿನ ಹಂಗೇ ಇಲ್ಲದೆ ಮಹಡಿಯಲ್ಲೇ ಗೂಡು ಮಾಡಬಲ್ಲವು.

ಈಗ ಬೆಡ್‌ರೂಮಿನ ವಾರ್ಡ್‌ರೋಬ್ ಎಲ್ಲಿದೆ ನೋಡಿ. ಬಹಳಷ್ಟು ಫ್ಲ್ಯಾಟ್‌ಗಳಲ್ಲಿ ಅದು ಬಾತ್‌ರೂಮಿನ ಗೋಡೆಗೇ ಒರಗಿರುತ್ತದೆ. ಹಿಂದಿನ ಪ್ಲೈವುಡ್ ಗೋಡೆಗೆ ಅಂಟಿರುತ್ತದೆ, ಗಾಳಿ ಇಲ್ಲ, ಬೆಳಕಿಲ್ಲ, ಗೋಡೆಯಲ್ಲಿ ತೇವ. ಗೆದ್ದಲಿನ ದೂರು ಇಲ್ಲಿಂದ ಶುರುವಾಗುವುದಕ್ಕೆ ಕಾರಣ ಇದೇ. ಇಂಥ ಕಡೆ ಸೋರಿಕೆ ಸರಿಪಡಿಸದೆ ಎಷ್ಟು ಔಷಧ ಹಾಕಿದರೂ ಅದು ಅರ್ಧ ಕೆಲಸ. ಮೊದಲು ಪ್ಲಂಬರ್, ಆಮೇಲೆ ಪೆಸ್ಟ್ ಕಂಟ್ರೋಲ್.

ಮರ ಹಾಳಾದದ್ದೆಲ್ಲ ಗೆದ್ದಲಿನಿಂದಲ್ಲ

ಮರದಿಂದ ಪುಡಿ ಉದುರಿದರೆ ಅದನ್ನು ಬೆರಳಿನಲ್ಲಿ ಉಜ್ಜಿ ನೋಡಿ. ಮಣ್ಣು ಸಿಕ್ಕರೆ ಗೆದ್ದಲು. ಮೈದಾದಂತೆ ನುಣ್ಣಗಿದ್ದರೆ ಕುಟ್ಟೆ ಹುಳ. ರವೆಯಂತೆ ಕಾಳುಕಾಳಾಗಿ ಹತ್ತಿದರೆ ಒಣಮರದ ಗೆದ್ದಲು. ಈ ಮೂರಕ್ಕೂ ಮಾಡುವ ಉಪಾಯ ಬೇರೆ ಬೇರೆ. ಕುಟ್ಟೆ ಹಿಡಿದ ಮಂಚಕ್ಕೆ ನೆಲ ಕೊರೆದು ಔಷಧ ಹಾಕಿಸಿದರೆ ದುಡ್ಡು ದಂಡ.

ಕುಟ್ಟೆ ಅಂದರೆ ಸಣ್ಣ ಕೊರೆಯುವ ಜೀರುಂಡೆ. ಮರದ ಹೊರಗಿನ ಬಿಳಿ ಭಾಗದಲ್ಲಿ, ಬಿದಿರಿನಲ್ಲಿ, ರಬ್ಬರ್ ಮರದಲ್ಲಿ ಪಿಷ್ಟ ಜಾಸ್ತಿ ಇರುತ್ತದೆ. ಅದೇ ಇವುಗಳ ಆಹಾರ. ಮೊಟ್ಟೆಯಿಂದ ಬಂದ ಮರಿ ತಿಂಗಳುಗಟ್ಟಲೆ ಒಳಗೇ ತಿನ್ನುತ್ತಾ ಬೆಳೆಯುತ್ತದೆ. ಮೇಲೆ ಕಾಣುವ 1ರಿಂದ 3 ಮಿಲಿಮೀಟರ್ ತೂತು ಹುಳ ಒಳಗೆ ಹೋದ ದಾರಿಯಲ್ಲ, ಬೆಳೆದು ಹೊರಬಂದ ದಾರಿ. ಹಾಗಾಗಿ ಸುಮ್ನೆ ಪುಟ್ಟಿ ತುಂಬಿ ಪಾಲಿಶ್ ಮಾಡಿದರೆ ಪ್ರಯೋಜನವಿಲ್ಲ. ಮೊದಲು ಪುಡಿ ಎಲ್ಲ ಒರೆಸಿ ಕೆಳಗೆ ಬಿಳಿ ಹಾಳೆ ಹಾಸಿ. ಕೆಲವು ವಾರ ಹೊಸ ಪುಡಿ ಬೀಳದಿದ್ದರೆ ಅದು ಹಳೇ ಗಾಯ. ಬಿದ್ದರೆ ತೂತುಗಳಿಗೆ ಸಿರಿಂಜಿನಿಂದ ಔಷಧ ಬಿಟ್ಟು ಮೇಣದಿಂದ ಮುಚ್ಚಬೇಕು. ಪಾಲಿಶ್ ಇಲ್ಲದ ಬರಿ ಮರವಾದರೆ ಬೋರಾಕ್ಸ್ ದ್ರಾವಣ ಒಳಗೆ ಇಳಿದು ಕೆಲಸ ಮಾಡುತ್ತದೆ. ಪೇಂಟಿನ ಮೇಲೆ ಹಚ್ಚಿದರೆ ಇಳಿಯುವುದಿಲ್ಲ. ಧಾನ್ಯಕ್ಕೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಕಪಾಟಿನೊಳಗೆ ಇಡುವ ಕೆಲಸ ಯಾವತ್ತೂ ಮಾಡಬೇಡಿ. ಅದರಿಂದ ಏಳುವ ಅನಿಲ ಮನೆಮಂದಿಯ ಜೀವ ತೆಗೆಯಬಲ್ಲದು.

ಒಣಮರದ ಗೆದ್ದಲಿಗೆ ಮಣ್ಣಿನ ನಂಟೇ ಬೇಡ. ಅದು ಮರದೊಳಗೇ ಬದುಕಿ, ಆರು ಮೂಲೆಯ ಸಣ್ಣ ಕಾಳಿನಂಥ ಹಿಕ್ಕೆಯನ್ನು ಹೊರಗೆ ತಳ್ಳುತ್ತದೆ. ತೇವದ ಹವೆಯ ಕರಾವಳಿಯಲ್ಲಿ ಇದು ಹೆಚ್ಚು. ನಮ್ಮಲ್ಲಿಗೆ ಹಳೇ ಪೀಠೋಪಕರಣದ ಜೊತೆ ಬರಬಹುದು.

ಕೊಳೆತ ಮರಕ್ಕೆ ಹುಳವೇ ಕಾರಣ ಆಗಬೇಕಿಲ್ಲ. ಮರದ ತೇವಾಂಶ ಶೇ 20ಕ್ಕಿಂತ ಜಾಸ್ತಿ ಆಗಿ ಹಾಗೇ ಇದ್ದರೆ ಬೂಷ್ಟು ಜಾತಿಯ ಶಿಲೀಂಧ್ರ ಹಿಡಿಯುತ್ತದೆ. ಬಾತ್‌ರೂಮ್ ಬಾಗಿಲಿನ ಬುಡ ಮೆತ್ತಗಾಗಿ ಚೌಕಚೌಕವಾಗಿ ಬಿರಿಯುವುದು ಇದರಿಂದಲೇ. ಇಲ್ಲಿ ನೀರು ನಿಲ್ಲಿಸುವುದೇ ಮದ್ದು. ಇನ್ನು ಟೆರೇಸಿನ ಮರದ ತೊಲೆಯಲ್ಲಿ, ಬಿದಿರಿನಲ್ಲಿ ಸೆಂಟಿಮೀಟರಿಗೂ ದೊಡ್ಡ ದುಂಡು ತೂತು ಕೊರೆಯುವ ಕಪ್ಪು ದುಂಬಿಗಳು ಮರ ತಿನ್ನುವುದಿಲ್ಲ, ಗೂಡು ಮಾಡುತ್ತವೆ. ಹೂವಿನ ಪರಾಗಸ್ಪರ್ಶಕ್ಕೆ ಬೇಕಾದ ಜೀವಿಗಳು. ಮರಕ್ಕೆ ಪೇಂಟ್ ಬಳಿದರೆ ಸಾಕು, ಕೊಲ್ಲಬೇಕಿಲ್ಲ.

ಔಷಧ ಕೆಲಸ ಮಾಡುವುದು ಹೇಗೆ?

ಗೆದ್ದಲಿನ ಔಷಧಗಳು ಎರಡು ಬಗೆ. ಮೊದಲನೆಯದು ಹುಳಕ್ಕೆ ವಾಸನೆ ತಿಳಿಯುವಂಥದು. ಬೈಫೆಂತ್ರಿನ್ ಈ ಬಗೆಯದು. ಔಷಧ ಬಿದ್ದ ಮಣ್ಣನ್ನು ಹುಳ ದಾಟುವುದಿಲ್ಲ. ಒಳ್ಳೆಯದೇ. ಆದರೆ ಒಂದು ಅಡಿ ಜಾಗ ಬಿಟ್ಟುಹೋಗಿದ್ದರೆ ಹುಳ ಅಲ್ಲಿಂದಲೇ ಏರುತ್ತದೆ.

ಎರಡನೆಯದು ಹುಳಕ್ಕೆ ಗೊತ್ತೇ ಆಗದಂಥದು. ಇಮಿಡಾಕ್ಲೋಪ್ರಿಡ್, ಫಿಪ್ರೋನಿಲ್ ಈ ಗುಂಪಿನವು. ಹುಳ ಔಷಧದ ಮಣ್ಣಿನಲ್ಲೇ ಓಡಾಡುತ್ತದೆ, ಆದರೆ ತಕ್ಷಣ ಸಾಯುವುದಿಲ್ಲ. ಮೈಗೆ ಹತ್ತಿದ್ದನ್ನು ಗೂಡಿಗೆ ಒಯ್ಯುತ್ತದೆ. ಒಂದರ ಮೈಯನ್ನು ಇನ್ನೊಂದು ನೆಕ್ಕುವಾಗ, ಬಾಯಿಂದ ಬಾಯಿಗೆ ಉಣಿಸುವಾಗ ವಿಷ ಹರಡುತ್ತದೆ. ಆದ್ದರಿಂದ ಇಂಥ ಔಷಧ ಹಾಕಿಸಿದ ಮರುದಿನವೂ ಹುಳ ಕಂಡರೆ ಕೆಲಸ ಕೆಟ್ಟಿತು ಅಂದುಕೊಳ್ಳಬೇಡಿ. ಕೆಲವು ವಾರ ಕಾಯಬೇಕು.

ಬಹಳ ವರ್ಷಗಳಿಂದ ಜಾಸ್ತಿ ಬಳಕೆಯಲ್ಲಿರುವುದು ಘಾಟು ವಾಸನೆಯ ಕ್ಲೋರ್‌ಪೈರಿಫಾಸ್. ಇದು 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದಡಿ ಜಗತ್ತಿನಾದ್ಯಂತ ಕೈಬಿಡಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿತು. ಕೆಲವು ಬಳಕೆಗಳಿಗೆ ಮಾತ್ರ ಕಾಲಮಿತಿಯ ವಿನಾಯಿತಿ ಇದೆ. ಆಯ್ಕೆ ಇದ್ದಾಗ ವಾಸಿಸುತ್ತಿರುವ ಮನೆಗೆ ನಾನು ಇದನ್ನು ಹೇಳುವುದಿಲ್ಲ. ಹಿಂದೆ ಬಳಸುತ್ತಿದ್ದ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್‌ಗಳು ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುವ ಕಾರಣಕ್ಕೇ ನಿಷೇಧವಾದವು. ಯಾರಾದರೂ 'ಹಳೇ ಸ್ಟ್ರಾಂಗ್ ಔಷಧ ಇದೆ ಸಾರ್' ಅಂದರೆ ಖಂಡಿತ ಬೇಡ ಅನ್ನಿ.

ಬಾಟಲಿಯ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಲೇಬಲ್ಲಿನಲ್ಲಿ ಗೆದ್ದಲಿಗೆ, ಕಟ್ಟಡಕ್ಕೆ ಅಂತ ಬರೆದಿರಬೇಕು. ಹೊಲಕ್ಕೆ ಹೊಡೆಯುವ ಔಷಧ ಮನೆಗೆ ಸಲ್ಲದು.

ಮನೆ ಕಟ್ಟುವಾಗ ಮಾಡಬೇಕಾದ್ದು

ಖರ್ಚು ಕಡಿಮೆ, ಫಲ ಜಾಸ್ತಿ ಇರುವ ಘಟ್ಟ ಇದು. ಕಟ್ಟಡಗಳಿಗೆ ಗೆದ್ದಲು ತಡೆಯುವ ವಿಧಾನವನ್ನು ಐಎಸ್ 6313 ಎಂಬ ಭಾರತೀಯ ಮಾನಕ ಹೇಳುತ್ತದೆ. ಅದರಲ್ಲಿ ಮೂರು ಭಾಗ: ಕಟ್ಟುವ ರೀತಿಯಲ್ಲೇ ತಡೆಯುವುದು, ಕಟ್ಟುವಾಗ ಔಷಧ ಹಾಕುವುದು, ಕಟ್ಟಿದ ಮನೆಗೆ ಔಷಧ ಹಾಕುವುದು.

ಮೊದಲು ಸೈಟಿನಲ್ಲಿರುವ ಬೇರು, ಬೊಡ್ಡೆ, ಹಲಗೆ ಚೂರು ಎಲ್ಲ ತೆಗೆಸಬೇಕು. ಪಾಯದ ಗುಂಡಿಯ ತಳ ಮತ್ತು ಬದಿ, ಗೋಡೆಗೆ ತಾಗುವ ತುಂಬುಮಣ್ಣು, ನೆಲದ ಕಾಂಕ್ರೀಟ್ ಹಾಕುವ ಮುಂಚಿನ ಮಣ್ಣು, ಪೈಪು ಒಳಬರುವ ಜಾಗ, ಮನೆಯ ಹೊರಸುತ್ತು, ಇಷ್ಟಕ್ಕೂ ಎಡೆ ಬಿಡದೆ ಔಷಧ ಇಳಿಯಬೇಕು. ನೆಲದ ಮಣ್ಣಿಗೆ ಚದರ ಮೀಟರಿಗೆ 5 ಲೀಟರ್ ಲೆಕ್ಕ. 800 ಚದರಡಿ ನೆಲ ಅಂದರೆ ಸುಮಾರು 74 ಚದರ ಮೀಟರ್, ಅಂದರೆ 370 ಲೀಟರ್ ದ್ರಾವಣ. ಹೆಗಲಿನ ಸ್ಪ್ರೇಯರಿನಲ್ಲಿ ಒಂದೆರಡು ಸುತ್ತು ಹೊಡೆದು ಆಯಿತು ಅಂದರೆ ಆಗಲಿಲ್ಲ ಅಂತಲೇ ಅರ್ಥ.

ಮಳೆ ಬರುತ್ತಿರುವಾಗ ಅಥವಾ ಮಣ್ಣು ನೀರು ಕುಡಿದಿರುವಾಗ ಹಾಕಬಾರದು, ಔಷಧ ಹೀರಿಕೊಳ್ಳದೆ ಹರಿದುಹೋಗುತ್ತದೆ. ಹಾಕಿದ ಮೇಲೆ ಪ್ಲಂಬರ್ ಬಂದು ಮತ್ತೆ ಅಗೆದರೆ ಅಲ್ಲಿ ಮತ್ತೆ ಹಾಕಿಸಬೇಕು. ಮೇಸ್ತ್ರಿಗೆ ಇದನ್ನು ಮೊದಲೇ ಹೇಳಿಡಿ. ಹೆಚ್ಚಿನ ಮನೆಗಳಲ್ಲಿ ತಪ್ಪುವುದು ಇಲ್ಲೇ.

ವಾಸವಿರುವ ಮನೆಯಲ್ಲಿ

ಇಲ್ಲಿ ಮಣ್ಣಿಗೆ ಔಷಧ ಮುಟ್ಟಿಸಲು ನೆಲ ಕೊರೆಯಲೇಬೇಕು. ನೆಲಮಹಡಿಯಲ್ಲಿ ಗೋಡೆ ಮತ್ತು ನೆಲ ಸೇರುವ ಕಡೆ 12 ಮಿಲಿಮೀಟರ್ ತೂತುಗಳನ್ನು 30 ಸೆಂಟಿಮೀಟರಿಗೆ, ಅಂದರೆ ಒಂದಡಿಗೆ ಒಂದರಂತೆ, ಕೆಳಗಿನ ಮಣ್ಣು ಸಿಗುವವರೆಗೆ ಕೊರೆಯುತ್ತಾರೆ. ತೂತಿಗೆ ಸುಮಾರು ಒಂದು ಲೀಟರ್ ಇಳಿಸಿ, ಸಿಮೆಂಟಿನಿಂದ ಮುಚ್ಚುತ್ತಾರೆ. ಹೊರಗೆ ಗೋಡೆಯ ಸುತ್ತಲೂ ಇದೇ ಥರ. ಚೌಕಟ್ಟು ಗೋಡೆಗೆ ಸೇರುವ ಕಡೆ ಸಣ್ಣ ತೂತು ಕೊರೆದು ಓರೆಯಾಗಿ ಔಷಧ ಬಿಡುತ್ತಾರೆ.

ಒಂದು ಲೆಕ್ಕ ಕೈಯಲ್ಲಿರಲಿ. 10 ಅಡಿಗೆ 12 ಅಡಿಯ ರೂಮಿನ ಸುತ್ತಳತೆ 44 ಅಡಿ. ಬಾಗಿಲ ಜಾಗ ಬಿಟ್ಟರೆ 40 ತೂತು, 40 ಲೀಟರ್. ಶೇ 20ರ ಕ್ಲೋರ್‌ಪೈರಿಫಾಸನ್ನು ಶೇ 1ಕ್ಕೆ ಇಳಿಸಬೇಕಾದರೆ ಒಂದು ಪಾಲಿಗೆ 19 ಪಾಲು ನೀರು, ಅಂದರೆ ಆ ರೂಮಿಗೆ ಎರಡು ಲೀಟರ್ ಔಷಧ. ಬೇರೆ ಔಷಧವಾದರೆ ಲೇಬಲ್ಲಿನ ಲೆಕ್ಕ ನೋಡಿ. ಸೀಲ್ ಒಡೆಯದ ಬಾಟಲಿಯನ್ನು ನಿಮ್ಮೆದುರೇ ತೆರೆದು ಕಲಸಲು ಹೇಳಿ. ಹೆಸರು, ಪ್ರಮಾಣ, ಕಂಪನಿಯ ಲೈಸೆನ್ಸ್ ಬಿಲ್ಲಿನಲ್ಲಿ ಬರಲಿ. ಕೇಳಿದರೆ ಬೇಸರ ಮಾಡಿಕೊಳ್ಳುವವರಿಗೆ ಕೆಲಸ ಕೊಡದಿದ್ದರೂ ನಷ್ಟವಿಲ್ಲ.

ಬೆಂಗಳೂರಿನ ಮನೆಗಳಲ್ಲಿ ಒಂದು ಅಪಾಯದ ಕಡೆ ಗಮನ ಬೇಕು. ನೀರಿನ ಸಂಪ್ ಗೋಡೆಯ ಪಕ್ಕದಲ್ಲೇ, ಎಷ್ಟೋ ಸಲ ಕಾರ್ ನಿಲ್ಲಿಸುವ ಜಾಗದ ಕೆಳಗೇ ಇರುತ್ತದೆ. ಅದರ ಗೋಡೆಯಲ್ಲಿ ಬಿರುಕಿದ್ದರೆ ಔಷಧ ಕುಡಿಯುವ ನೀರಿಗೆ ಸೇರಬಹುದು. ಬೋರ್‌ವೆಲ್, ಮಳೆನೀರಿನ ಇಂಗುಗುಂಡಿಗಳ ಕಥೆಯೂ ಅಷ್ಟೇ. ಇವು ಎಲ್ಲಿವೆ ಅಂತ ಡ್ರಿಲ್ ಶುರುವಾಗುವ ಮುಂಚೆ ನೀವೇ ತೋರಿಸಿ. ಅವುಗಳ ಹತ್ತಿರ ತೂತು ಬೇಡ ಅಂತ ಕಟ್ಟುನಿಟ್ಟಾಗಿ ಹೇಳಿ. ನೆಲದೊಳಗಿನ ನೀರಿನ ಪೈಪು, ವೈರುಗಳ ದಾರಿಯನ್ನೂ ಗುರುತು ಮಾಡಿಕೊಡಿ.

ಕೆಲಸದ ದಿನ ಮಕ್ಕಳು, ಬಸುರಿಯರು, ಉಬ್ಬಸ ಇರುವವರು, ನಾಯಿ ಬೆಕ್ಕು ಮನೆಯಲ್ಲಿ ಇರದಿದ್ದರೆ ಒಳ್ಳೆಯದು. ಮೀನಿನ ತೊಟ್ಟಿಯನ್ನು ಬೇರೆಡೆ ಸಾಗಿಸಿ, ಈ ಔಷಧಗಳಲ್ಲಿ ಹಲವು ಮೀನಿಗೆ ತೀರಾ ವಿಷ. ಮರಕ್ಕೆ ಸೀಮೆಎಣ್ಣೆಯಂಥ ಎಣ್ಣೆಯಲ್ಲಿ ಕಲಸಿದ ಔಷಧ ಬಿಟ್ಟಿದ್ದರೆ ಅದು ಪೂರ್ತಿ ಆರುವವರೆಗೆ ದೇವರ ಮನೆಯಲ್ಲಿ ದೀಪ ಹಚ್ಚಬೇಡಿ, ಹತ್ತಿರ ಬೆಂಕಿ ಬೇಡ. ಕಿಟಕಿಗಳು ತೆರೆದಿರಲಿ.

ವಾರಂಟಿ ಅಂದರೆ ಸಾಮಾನ್ಯವಾಗಿ ಹುಳ ಮತ್ತೆ ಬಂದರೆ ಉಚಿತವಾಗಿ ಮತ್ತೆ ಔಷಧ ಹಾಕುತ್ತೇವೆ ಅಂತ ಮಾತ್ರ. ಹಾಳಾದ ವಾರ್ಡ್‌ರೋಬಿಗೆ ದುಡ್ಡು ಕೊಡುತ್ತೇವೆ ಅಂತಲ್ಲ. ಕಾಗದ ಓದಿ ಸಹಿ ಮಾಡಿ. ಅಪಾರ್ಟ್‌ಮೆಂಟಿನಲ್ಲಾದರೆ ಒಬ್ಬರ ಫ್ಲ್ಯಾಟಿಗೆ ಮಾತ್ರ ಹಾಕಿಸಿದರೆ ಹುಳ ಡಕ್ಟ್ ಮೂಲಕ ಪಕ್ಕಕ್ಕೆ ಸರಿಯುತ್ತದೆ. ಅಸೋಸಿಯೇಶನ್ ಸೇರಿ ನೆಲಮಟ್ಟದ ಸುತ್ತ ಮತ್ತು ಡಕ್ಟ್‌ಗಳ ಬುಡಕ್ಕೆ ಮಾಡಿಸುವುದೇ ಸರಿ.

ಮರ, ಪ್ಲೈವುಡ್ ಆರಿಸುವಾಗ

ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಯಾವ ಮರ ಎಷ್ಟು ಬಾಳುತ್ತದೆ ಅಂತ ತಿಳಿಯಲು ಇಂಥ ಸಂಸ್ಥೆಗಳು ಮರದ ಗೂಟಗಳನ್ನು ಅರ್ಧ ಮಣ್ಣಿನಲ್ಲಿ ಹೂತು, ಗೆದ್ದಲು ಮತ್ತು ಶಿಲೀಂಧ್ರಕ್ಕೆ ಬಿಟ್ಟು, ಆಗಾಗ ಕಿತ್ತು ನೋಡುತ್ತವೆ. ಸರಾಸರಿ 120 ತಿಂಗಳಿಗಿಂತ ಜಾಸ್ತಿ ಬಾಳಿದರೆ ಮೊದಲ ದರ್ಜೆ, 60ರಿಂದ 120 ತಿಂಗಳಾದರೆ ಎರಡನೆಯದು, ಅದಕ್ಕಿಂತ ಕಡಿಮೆಯಾದರೆ ಮೂರನೆಯದು. ತೇಗ, ಸಾಲ್ ಮೊದಲ ದರ್ಜೆ. ಮಾವು ಮೂರನೆಯದು.

ಆದರೆ ಈ ದರ್ಜೆ ಮರದ ಚೇಗಿಗೆ, ಅಂದರೆ ಒಳಗಿನ ಗಟ್ಟಿ ತಿರುಳಿಗೆ ಮಾತ್ರ. ತೇಗದ ಚೇಗಿನಲ್ಲಿ ಹುಳಕ್ಕೆ ಆಗದ ರಸಗಳಿವೆ, ಹೊರಗಿನ ಬಿಳಿ ಭಾಗದಲ್ಲಿ ಇಲ್ಲ. ಎಳೇ ತೇಗದ ಚೌಕಟ್ಟಿನಲ್ಲಿ ಬಿಳಿ ಅಂಚು ದಪ್ಪಗಿದ್ದರೆ ಗೆದ್ದಲು ಅಷ್ಟನ್ನು ನೀಟಾಗಿ ತಿನ್ನುತ್ತದೆ. ಮರದ ಅಂಗಡಿಯಲ್ಲಿ ಅಡ್ಡಕೊಯ್ತದ ತುದಿಯನ್ನು ನೋಡಿ ಆರಿಸಿ.

ಪ್ಲೈವುಡ್‌ನಲ್ಲಿ ವಾಟರ್‌ಪ್ರೂಫ್ ಅನ್ನುವುದು ಅಂಟಿನ ಗುಣ. ಅಂಟು ಬಿಡದು ಅಂದಮಾತ್ರಕ್ಕೆ ಹುಳ ತಿನ್ನದು ಅಂತಲ್ಲ. ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್‌ನಲ್ಲಿ ಹುಳ ತಡೆಯುವ ಸಂರಕ್ಷಕ ಕೂಡ ಕಡ್ಡಾಯ. ಐಎಸ್ 303ರ ಪ್ಲೈವುಡ್ ಕೊಳ್ಳುವಾಗ ಸಂರಕ್ಷಕ ಹಾಕಿದ್ದಾರಾ ಅಂತ ಬೇರೆಯಾಗಿ ಕೇಳಬೇಕು. ಕಾರ್ಪೆಂಟರ್ ಕೊಯ್ದ ಅಂಚುಗಳು, ಸ್ಕ್ರೂ ತೂತುಗಳು, ಗೋಡೆಯ ಕಡೆಯ ಹಿಂಬದಿ, ಇವಕ್ಕೆ ಜೋಡಿಸುವ ಮುಂಚೆಯೇ ಸಂರಕ್ಷಕ ಹಚ್ಚಿಸಿ. ವಾರ್ಡ್‌ರೋಬ್ ಮತ್ತು ಗೋಡೆಯ ನಡುವೆ ಕೈಬೆರಳು ಹೋಗುವಷ್ಟಾದರೂ ಸಂದು ಬಿಡಿಸಿ.

ಅಟ್ಟದ ಮೇಲೆ ರಟ್ಟಿನ ಪೆಟ್ಟಿಗೆಗಳಲ್ಲಿ ಹಳೇ ಪುಸ್ತಕ, ದಸರಾ ಗೊಂಬೆ ಇಡುವ ಅಭ್ಯಾಸ ಹಲವರಿಗಿದೆ. ಗೋಡೆಗೆ ತಾಗಿದ ರಟ್ಟು ಗೆದ್ದಲಿಗೆ ಎಲ್ಲಕ್ಕಿಂತ ಸುಲಭದ ಆಹಾರ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ಬದಲಿಸಿ.

ಮನೆಮದ್ದು ನಡೆಯುತ್ತದಾ?

ಬೇವಿನೆಣ್ಣೆ, ಉಪ್ಪುನೀರು, ಟರ್ಪೆಂಟೈನ್ ಎಲ್ಲ ತಾಗಿದಷ್ಟು ಹುಳವನ್ನು ಕೊಲ್ಲಬಹುದು, ಓಡಿಸಬಹುದು. ಮಣ್ಣಿನೊಳಗಿನ ಗೂಡಿಗೆ ಮುಟ್ಟುವುದಿಲ್ಲ. ಸುಟ್ಟ ಎಂಜಿನ್ ಆಯಿಲ್ ಮಣ್ಣಿಗೆ ಸುರಿಯುವುದಂತೂ ಬೇಡ, ಅಂತರ್ಜಲ ಕೆಡುತ್ತದೆ. ಮನೆಯಲ್ಲೇ ಮಾಡಬಹುದಾದ ಒಳ್ಳೆ ಕೆಲಸ ಅಂದರೆ ಹುಡುಕಾಟ. ಮೇ ತಿಂಗಳಲ್ಲೊಮ್ಮೆ, ಅಕ್ಟೋಬರಿನ ಮಳೆ ಮುಗಿದ ಮೇಲೊಮ್ಮೆ ಟಾರ್ಚ್ ಹಿಡಿದು ಸಿಂಕಿನ ಕೆಳಗೆ, ವಾರ್ಡ್‌ರೋಬಿನ ಹಿಂದೆ, ಚೌಕಟ್ಟಿನ ಬುಡದಲ್ಲಿ, ಮೀಟರ್ ಬೋರ್ಡಿನ ಒಳಗೆ, ಡಕ್ಟಿನಲ್ಲಿ ನೋಡಿ. ಗೋಡೆಗೆ ಒರಗಿಸಿದ ಹಲಗೆ, ಸೌದೆಯನ್ನು ತೆಗೆದುಬಿಡಿ.

ಬೀದಿಯ ಮರದ ಮೇಲೆ ಮಣ್ಣು ಕಂಡರೆ

ಮನೆ ಮುಂದಿನ ಮರದ ಕಾಂಡಕ್ಕೆ ಮಣ್ಣು ಮೆತ್ತಿದ್ದು ನೋಡಿ, ಮರ ಸಾಯುತ್ತದೆ, ಆಮೇಲೆ ಹುಳ ಮನೆಗೆ ಬರುತ್ತದೆ ಅಂತ ಬುಡಕ್ಕೆ ಔಷಧ ಸುರಿಯುವವರಿದ್ದಾರೆ. ಹೆಚ್ಚಿನ ಸಲ ಗೆದ್ದಲು ಅಲ್ಲಿ ತಿನ್ನುವುದು ಸತ್ತ ಹೊರತೊಗಟೆಯನ್ನು ಮಾತ್ರ. ಮಣ್ಣನ್ನು ಕೈಯಿಂದ ಕೆರೆದು ನೋಡಿ, ಕೆಳಗಿನ ತೊಗಟೆ ಗಟ್ಟಿಯಾಗಿ ಹಸಿಯಾಗಿ ಇದ್ದರೆ ಮರಕ್ಕೆ ಏನೂ ಆಗಿಲ್ಲ. ಉದುರೆಲೆ, ಒಣಕಡ್ಡಿಗಳನ್ನು ಮಣ್ಣಿಗೆ ಸೇರಿಸುವುದು, ನೀರು ಇಂಗಲು ಮಣ್ಣಿನಲ್ಲಿ ಸುರಂಗ ಬಿಡಿಸುವುದು ಇದೇ ಹುಳಗಳು. ಲಾಲ್‌ಬಾಗ್, ಕಬ್ಬನ್ ಪಾರ್ಕುಗಳಲ್ಲೂ ಅವು ಈ ಕೆಲಸ ಮಾಡುತ್ತಲೇ ಇವೆ. ಕಾಂಡದಲ್ಲಿ ದೊಡ್ಡ ಪೊಟರೆ ಇದ್ದು, ಬುಡ ಟೊಳ್ಳಾಗಿ ಕೇಳಿಸಿದರೆ ಮಾತ್ರ ಪಾಲಿಕೆಯ ಅರಣ್ಯ ವಿಭಾಗಕ್ಕೆ ತಿಳಿಸಿ. ಮರ ಗಟ್ಟಿ ಇದೆಯೋ ಇಲ್ಲವೋ ಅವರು ಬಂದು ನೋಡಿ ಹೇಳಬೇಕು.